ಮೂರು ಸಾಲಿನ ರೇಡಿಯೇಟರ್

೯ ಫೆಬ್ರವರಿ, ಸೋಮವಾರ

ಚಿರಂಜೀವಿ ಪಿಟೀಲಿಗೆ ಅತ್ತಿಗೆಯ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯಲು ಹೊರಟ ಪೆನ್ನನ್ನು ಅರ್ಧದಲ್ಲೇ ತಡೆದೆ. ‘ನಾವೆಲ್ಲ’ ಎಂದರೆ ಈಗ ನಾನೊಬ್ಬಳೇ. ನಾನು ಕ್ಷೇಮ. ನಿನ್ನ ಕ್ಷೇಮ ತಿಳಿಯುವ ಆತುರವೇನೂ ನನಗಿಲ್ಲ, ಪದ್ಧತಿ ತಪ್ಪಬಾರದೆಂದು ಕೇಳಿದ್ದೇನೆ. ನೀನು ಕಳಿಸಿದ ಪೆಟ್ಟಿಗೆ ಬಂದು ಹದಿನೈದು ದಿನವಾಯಿತು. ಉತ್ತರ ತಡವಾದದ್ದಕ್ಕೆ ಕ್ಷಮೆ ಇರಲಿ. ದಿನಾ ಬರೆಯಲು ಕೂರುತ್ತಿದ್ದೆ, ಬರೆದದ್ದನ್ನು ಓದಿ ಹರಿದು ಹಾಕುತ್ತಿದ್ದೆ. ಹರಿದು ಹಾಕಿದವುಗಳ ಮುಂದೆ ಈ ಪತ್ರ ಬೆಣ್ಣೆ ಎಂದು ತಿಳಿ.

ಪೆಟ್ಟಿಗೆಯಲ್ಲಿ ಹೊಸ ರೇಡಿಯೇಟರ್ ಇತ್ತು. ಅದರ ಮೇಲೆ ನೀನು ಕೆಲಸ ಮಾಡುವ ಬಿಡಿಭಾಗದ ಅಂಗಡಿಯ ಚೀಟಿ, ಚೀಟಿಯ ಹಿಂದೆ ನಿನ್ನ ಕೈಬರಹದಲ್ಲಿ ಎರಡೇ ಪದ: ‘ಹಾಕಿಸಿಕೊಳ್ಳಿ, ಅತ್ತಿಗೆ.’ ನಾನು ನಿನಗೆ ನಾಲ್ಕು ಪುಟ ಬರೆದಿದ್ದೆ. ಗಾಡಿಗೆ ನೀನು ಮಾಡಿದ್ದೇನು ಎಂದು ಕೇಳಿದ್ದೆ. ಅದಕ್ಕೆ ಉತ್ತರವಾಗಿ ನೀನು ಸಾಮಾನು ಕಳಿಸಿದೆ. ಅಳುವ ಮಗುವಿನ ಬಾಯಿಗೆ ಮಿಠಾಯಿ ತುರುಕುತ್ತಾರಲ್ಲ, ಹಾಗೆ.

ಆ ಮಿಠಾಯಿಯಾದರೂ ನಮ್ಮದೇ? ಗಾಡಿಯಿಂದ ಕಳಚಿಸಿದ್ದ ನಮ್ಮ ಹಳೆಯದರ ಪಕ್ಕ ಇಟ್ಟು ನೋಡಿದೆ. ನಮ್ಮದರಲ್ಲಿ ಕೆಳಗಿನ ಹೋಸ್ ಪೈಪು ಎಡಕ್ಕೆ ಬರುತ್ತದೆ. ನೀನು ಕಳಿಸಿದ್ದರಲ್ಲಿ ಬಲಕ್ಕೆ. ಬೋಲ್ಟು ಹಾಕುವ ತೂತುಗಳು ಎರಡು ಬೆರಳು ಆಚೆ. ನಮ್ಮ ಗಾಡಿ ತಯಾರಾದ ವರ್ಷದ ನಡುವೆ ಕಂಪನಿಯವರು ಇಂಜಿನ್ ಬದಲಾಯಿಸಿದರು. ವರ್ಷ ಒಂದೇ ಆದರೂ ಮೊದಲರ್ಧದ ಗಾಡಿಗೆ ಒಂದು ರೇಡಿಯೇಟರ್, ಎರಡನೇ ಅರ್ಧದ್ದಕ್ಕೆ ಇನ್ನೊಂದು. ಷಾಸಿ ನಂಬರು ನೋಡಿದರೆ ಐದು ನಿಮಿಷದಲ್ಲಿ ಗೊತ್ತಾಗುವ ವಿಷಯ. ಹದಿನಾರು ವರ್ಷದಿಂದ ಬಿಡಿಭಾಗ ಮಾರುವವನು ನೀನು. ಹೊಲಿಗೆ ಯಂತ್ರ ರಿಪೇರಿ ಮಾಡುವ ನಾನೇ ಒಂದು ಸೂಜಿ ಕೊಡುವ ಮೊದಲು ಯಂತ್ರದ ನಂಬರು ಕೇಳುತ್ತೇನೆ. ನೀನು ನನ್ನನ್ನು ಷಾಸಿ ನಂಬರು ಯಾಕೆ ಕೇಳಲಿಲ್ಲ? ಕೇಳಬೇಕಾದರೆ ಮಾತಾಡಬೇಕಾಗುತ್ತಿತ್ತು, ಅದಕ್ಕೇ ಕೇಳಲಿಲ್ಲ.

ನೀನು ಮರೆತಂತೆ ನಟಿಸಬಹುದೆಂದು ಇನ್ನೊಮ್ಮೆ ಬರೆಯುತ್ತೇನೆ. ನಿಮ್ಮಣ್ಣ ಹೋಗುವುದಕ್ಕೆ ಎರಡು ವಾರ ಮೊದಲು, ಮನೆ ಬದಲಾಯಿಸಲು ಮೂರು ದಿನಕ್ಕೆಂದು ನೀನು ಗಾಡಿ ಒಯ್ದೆ. ಮಂಚ, ಬೀರು ಎಲ್ಲ ಹೇರಿಕೊಂಡು ಗುಡ್ಡದ ರಸ್ತೆ ಹತ್ತಿಸಿದೆ. ಗಾಡಿ ಕುದಿಯಿತು. ರೇಡಿಯೇಟರ್ ಸೀಳಿತು. ಸೋರಿಕೆ ನಿಲ್ಲಿಸುವ ಪುಡಿಯನ್ನು ನೀರಿಗೆ ಸುರಿದು, ತಂದು ನಿಲ್ಲಿಸಿ, ಒಂದು ಮಾತೂ ಹೇಳದೆ ಹೋದೆ. ಆಮೇಲೆ ನಿಮ್ಮಣ್ಣನನ್ನು ಕಳಿಸಿಕೊಟ್ಟ ದಿನ ಬಂದು ಜನರ ಹಿಂದೆ ನಿಂತಿದ್ದೆ. ಆಗಲೂ ಹೇಳಲಿಲ್ಲ. ಐದು ತಿಂಗಳು ಗಾಡಿ ನಿಂತಲ್ಲೇ ನಿಂತಿತ್ತು. ನಾನು ಮತ್ತೆ ಕೆಲಸಕ್ಕೆ ಹೊರಟ ಮೊದಲ ವಾರ, ಅದೇ ಗುಡ್ಡದ ಮೇಲೆ, ಬಾನೆಟ್ಟಿನ ಸಂದಿಯಿಂದ ಹಬೆ ನುಗ್ಗಿತು. ಹಿಂದಿನ ಸೀಟಿನಲ್ಲಿ ಇಪ್ಪತ್ತೆರಡು ಕಿಲೋದ ಹೊಲಿಗೆ ಯಂತ್ರದ ತಲೆ. ಅದನ್ನು ಬಿಟ್ಟು ನಡೆಯುವಂತಿಲ್ಲ, ಹೊತ್ತು ನಡೆಯುವಂತೆಯೂ ಇಲ್ಲ. ಮೂರು ಗಂಟೆ ರಸ್ತೆ ಬದಿಯಲ್ಲಿ ಕೂತಿದ್ದೆ.

ರೇಡಿಯೇಟರ್ ಮೇಸ್ತ್ರಿ ಅದನ್ನು ಕಳಚಿ ಕವುಚಿ ಹಾಕಿದಾಗ ಬೂದಿಯಂಥ ಕೆಸರು ಬಿತ್ತು. ‘ಅಕ್ಕಾ, ಯಾರೋ ಪುಡಿ ಹಾಕವ್ರೆ. ತೂತೂ ಮುಚ್ಚೈತೆ, ನೀರು ಹೋಗೋ ದಾರೀನೂ ಮುಚ್ಚೈತೆ’ ಎಂದ. ಆ ‘ಯಾರೋ’ ಯಾರು ಎಂದು ನಾನು ಅವನಿಗೆ ಹೇಳಲಿಲ್ಲ. ನಾಚಿಕೆಯಾಯಿತು.

ನಿನ್ನ ಪೆಟ್ಟಿಗೆಯನ್ನು ಹಾಗೆಯೇ ಹಗ್ಗ ಕಟ್ಟಿ ನಾಳೆ ವಾಪಸು ಕಳಿಸುತ್ತಿದ್ದೇನೆ. ಒಳ್ಳೆಯದಾಗಲಿ.

ನಿನ್ನ ಅತ್ತಿಗೆ


೨೭ ಫೆಬ್ರವರಿ, ಶುಕ್ರವಾರ

ಚಿರಂಜೀವಿ ಪಿಟೀಲಿಗೆ ಆಶೀರ್ವಾದಗಳು.

ನಿನ್ನ ಪತ್ರ ಬಂತು. ಈ ಸಲ ಒಂದೂವರೆ ಪುಟ. ಪ್ರಗತಿ.

‘ಪುಡಿ ಹಾಕಿದ್ದು ನಿಜ, ಆದರೆ’ ಎಂದು ಬರೆದಿದ್ದೀಯ. ‘ಆದರೆ’ಗೆ ಮೊದಲಿನದನ್ನು ಮಾತ್ರ ನಾನು ಉಳಿಸಿಕೊಂಡೆ. ಆಚೆಗಿನದು, ನಿಮಗೆ ಆಗಲೇ ಸಾಕಷ್ಟು ಚಿಂತೆ ಇತ್ತು ಎಂಬುದು, ಗಾಡಿಗೆ ಇಪ್ಪತ್ತೊಂದು ವರ್ಷ, ಇವತ್ತಲ್ಲ ನಾಳೆ ಕೈಕೊಡುತ್ತಿತ್ತು ಎಂಬುದು, ಅದನ್ನೆಲ್ಲ ನಿಮ್ಮ ಅಂಗಡಿಯ ಗಿರಾಕಿಗಳಿಗೆ ಹೇಳು. ಗಾಡಿಯನ್ನು ಗುಜರಿಗೆ ಹಾಕಿ, ನಾನೇ ಒಂದು ಸಣ್ಣ ಗಾಡಿ ನೋಡಿ ಕೊಡುತ್ತೇನೆ ಎಂದೂ ಬರೆದಿದ್ದೀಯ. ಹೌದಪ್ಪ, ಗಾಡಿಯೇ ಇಲ್ಲದಿದ್ದರೆ ಗಾಡಿ ಕೆಡಿಸಿದವನೂ ಇರುವುದಿಲ್ಲ. ಚಿಕ್ಕವನಿದ್ದಾಗಲೂ ಲೋಟ ಒಡೆದರೆ ಚೂರುಗಳನ್ನು ಹಿತ್ತಲಲ್ಲಿ ಹೂಳುತ್ತಿದ್ದೆ. ಹೂತಮೇಲೆ ಒಂದೇ ಶ್ರುತಿಯಲ್ಲಿ ಗಂಟೆಗಟ್ಟಲೆ ಅಳುತ್ತಿದ್ದೆ, ಅದಕ್ಕೇ ನಿಮ್ಮಣ್ಣ ಪಿಟೀಲು ಎಂದು ಹೆಸರಿಟ್ಟದ್ದು. ಈಗ ಅಳುವುದನ್ನು ಬಿಟ್ಟಿದ್ದೀಯ, ಹೂಳುವುದನ್ನು ಬಿಟ್ಟಿಲ್ಲ.

ಗಾಡಿ ನನಗೆ ಬೇಕು. ನೆನಪಿಗಾಗಿ ಅಲ್ಲ, ಹಾಗೆಂದುಕೊಂಡು ಕಣ್ಣೀರು ಹಾಕಬೇಡ. ಗುಡ್ಡದ ಆಚೆ ಎರಡು ಬಟ್ಟೆ ಹೊಲಿಯುವ ಕಾರ್ಖಾನೆಗಳಿವೆ. ಒಟ್ಟು ನೂರಾ ಹತ್ತು ಯಂತ್ರ. ಅವನ್ನು ನೋಡಿಕೊಳ್ಳುವ ಕೆಲಸ ಹನ್ನೊಂದು ವರ್ಷದಿಂದ ನನ್ನದು. ದೊಡ್ಡ ಕಾರ್ಖಾನೆಯ ಮೇಲ್ವಿಚಾರಕಿ ಮೊನ್ನೆ ಫೋನು ಮಾಡಿ, ‘ಬೇಜಾರು ಮಾಡ್ಕೋಬೇಡಿ, ಮುಂದಿನ ತಿಂಗಳು ಹದಿನೈದರೊಳಗೆ ನೀವು ಬರ್ದಿದ್ರೆ ಬೇರೆಯವರನ್ನ ಕರೀಬೇಕಾಗುತ್ತೆ’ ಎಂದಳು. ಬಸ್ಸಿನಲ್ಲಿ ಯಂತ್ರದ ತಲೆ ಹತ್ತಿಸಲು ಕಂಡಕ್ಟರು ಬಿಡುವುದಿಲ್ಲ. ನೀನು ನೋಡಿಕೊಡುವ ಸಣ್ಣ ಗಾಡಿಯಲ್ಲಿ ನನ್ನ ಸಾಮಾನಿನ ಪೆಟ್ಟಿಗೆ ಇಟ್ಟರೆ ನಾನು ಅದರ ಟಾಪಿನ ಮೇಲೆ ಕೂರಬೇಕು.

ಹಾಗಾಗಿ ನಾನೇ ಹುಡುಕಲು ಹೊರಟೆ. ಮೊದಲು ಗುಜರಿ ಅಂಗಡಿ. ಅದನ್ನು ನಡೆಸುವವಳು ನನ್ನ ವಯಸ್ಸಿನ ಹೆಂಗಸು, ಕೈಯಲ್ಲಿ ಸದಾ ಸ್ಪ್ಯಾನರು, ಮಾತಿನಲ್ಲಿ ಸದಾ ಬೈಗುಳ. ನಮ್ಮದೇ ಮಾದರಿಯ, ಮೊದಲರ್ಧದ ಗಾಡಿಯೊಂದು ಅವಳ ಅಂಗಳದ ಮೂಲೆಯಲ್ಲಿತ್ತು. ಅದರ ರೇಡಿಯೇಟರಿಗೆ ಕಪ್ಪು ಬಣ್ಣ ಬಳಿದು ಮದುಮಗನ ಹಾಗೆ ಮಿಂಚಿಸಿದ್ದರು. ನಾನು ಖುಷಿಯಾಗಿ ಕೈಹಾಕಿದೆ. ಅವಳು ತಡೆದು, ‘ಅಕ್ಕ, ಉಗುರಲ್ಲಿ ಕೆರೆದು ನೋಡು’ ಎಂದಳು. ಕೆರೆದೆ. ಗಾಳಿ ಹಾಯುವ ತೆಳು ತಗಡುಗಳು ಒಣ ಎಲೆಯ ಹಾಗೆ ಪುಡಿಯಾಗಿ ಬಿದ್ದವು. ಮಾರಬೇಕಾದವಳೇ ಬೇಡ ಎಂದಳು, ಗಮನಿಸು. ಸಾಮಾನು ಮಾರುವವರಲ್ಲೂ ಇಂಥವರಿದ್ದಾರೆ.

ಆಮೇಲೆ ಪೇಟೆಯ ಹೊಸ ಅಂಗಡಿ. ಅಲ್ಲಿ ಟೈ ಕಟ್ಟಿಕೊಂಡ ಒಬ್ಬ, ನಮ್ಮ ಗಾಡಿಗೇ ಕೂರುವ ಹಗುರ ಲೋಹದ ರೇಡಿಯೇಟರ್ ತೋರಿಸಿದ. ಹೋಸ್ ಪೈಪು ಎಡಕ್ಕೇ ಇತ್ತು. ತೂತುಗಳೂ ಸರಿ. ಆದರೆ ಮೇಲಿನ ಟ್ಯಾಂಕೂ ಕೆಳಗಿನ ಟ್ಯಾಂಕೂ ಪ್ಲಾಸ್ಟಿಕ್ಕಿನವು. ಸೀಳಿದರೆ ಬೆಸುಗೆ ಹಾಕಬಹುದೇ ಎಂದೆ. ‘ಸೀಳಿದ್ರೆ ಹೊಸದು ತಗೋಬೇಕು ಮೇಡಂ’ ಎಂದು ನಕ್ಕ. ನಾನು ದಪ್ಪ ಅಳೆದೆ. ನಮ್ಮದಕ್ಕಿಂತ ಒಂದು ಬೆರಳು ಹೆಚ್ಚು. ಇಂಜಿನ್ನಿನ ಫ್ಯಾನಿಗೂ ರೇಡಿಯೇಟರಿಗೂ ನಡುವೆ ನಮ್ಮಲ್ಲಿ ಇರುವುದೇ ಒಂದೂವರೆ ಬೆರಳು ಜಾಗ. ಗುಂಡಿಯಲ್ಲಿ ಗಾಡಿ ಒಮ್ಮೆ ಎತ್ತಿಹಾಕಿದರೆ ಫ್ಯಾನಿನ ರೆಕ್ಕೆ ಹೋಗಿ ಅದರ ಹೊಟ್ಟೆಗೆ ತಾಗುತ್ತದೆ. ಹೇಳಿದೆ. ಅವನು ಅದಕ್ಕೂ ನಕ್ಕ. ನಿನಗೆ ಅಣ್ಣತಮ್ಮಂದಿರು ಊರೂರಲ್ಲೂ ಇದ್ದಾರೆ.

ಕೊನೆಗೆ ಮತ್ತೆ ಮೇಸ್ತ್ರಿಯ ಬಳಿಗೇ ಹೋದೆ. ಅವನ ಶೆಡ್ಡು ಚಪ್ಪಲಿ ಅಂಗಡಿಯ ಹಿಂದೆ, ಒಂದು ಬೆಂಚು, ಒಂದು ನೀರಿನ ತೊಟ್ಟಿ, ಗೋಡೆಯ ತುಂಬ ಹಳೆಯ ಹಿತ್ತಾಳೆ ಟ್ಯಾಂಕುಗಳು. ಅವನು ನಮ್ಮ ರೇಡಿಯೇಟರಿನ ಹಿತ್ತಾಳೆ ಟ್ಯಾಂಕುಗಳನ್ನು ತಿಕ್ಕಿ ತೊಳೆದು ಇಟ್ಟಿದ್ದ. ‘ಇವಕ್ಕೇನೂ ಆಗಿಲ್ಲ. ಒಳಗಿನ ಕೋರ್ ಒಂದು ಹೊಸದು ಹಾಕ್ಬೇಕು, ಅಷ್ಟೆ’ ಎಂದ. ಆದರೆ ತೊಡಕೂ ಇತ್ತು. ನಮ್ಮ ಕೋರಿನಲ್ಲಿ ನೀರಿನ ಕೊಳವೆಗಳು ಮೂರು ಸಾಲು. ಈಗ ಅವನಿಗೆ ಸಿಗುವುದು ಎರಡು ಸಾಲಿನದು. ಬಯಲಲ್ಲಿ ಓಡಾಡಲು ಅದು ಸಾಕು, ಭಾರ ಹೇರಿಕೊಂಡು ಗುಡ್ಡ ಹತ್ತಲು ಸಾಲದು. ಅವನು ಮುಚ್ಚಿಡಲಿಲ್ಲ. ‘ಹಾಕ್ಕೊಡ್ತೀನಿ ಅಕ್ಕ. ಆದ್ರೆ ಗುಡ್ಡದ ಮೇಲೆ ಬಿಸಿ ತೋರ್ಸೋ ಮುಳ್ಳು ಕೆಂಪಿಗೆ ಹೋದ್ರೆ ನನ್ನ ಬಯ್ಬೇಡಿ’ ಎಂದ.

ಅವನ ಬೆಂಚಿನ ಮೇಲೆ ಕೂತು ಬಹಳ ಹೊತ್ತು ಯೋಚಿಸಿದೆ. ಎರಡು ಸಾಲಿನದಾದರೆ ನಾಳೆಯೇ ಗಾಡಿ ಸಿಗುತ್ತದೆ, ಕೆಲಸ ಉಳಿಯುತ್ತದೆ, ಒಂದು ದಿನ ಗುಡ್ಡದ ಮೇಲೆ ಮತ್ತೆ ಕುದಿಯುತ್ತದೆ. ಮೂರು ಸಾಲಿನದಕ್ಕೆ ಕಾದರೆ ಕೆಲಸ ಉಳಿಯುತ್ತದೋ ಇಲ್ಲವೋ. ಕಾಯುತ್ತೇನೆ ಎಂದೆ. ಸದ್ಯಕ್ಕಾದರೆ ಸಾಕು ಎಂದು ತೇಪೆ ಹಾಕಿದವನ ಪಾಡು ನೋಡಿದ್ದೇನೆ. ಮೇಸ್ತ್ರಿ ನಾಲ್ಕು ಊರಿಗೆ ಫೋನು ಮಾಡಿ ಹುಡುಕುತ್ತಿದ್ದಾನೆ.

ಇದನ್ನೆಲ್ಲ ಸಹಾಯ ಕೇಳಲು ಬರೆದದ್ದಲ್ಲ. ನೀನು ಒಂದು ಪುಡಿ ಪೊಟ್ಟಣದಲ್ಲಿ ಮುಗಿಸಿದ ಕೆಲಸಕ್ಕೆ ಎಷ್ಟು ಮೆಟ್ಟಿಲು ಹತ್ತಿ ಇಳಿಯಬೇಕಾಗುತ್ತದೆ ಎಂದು ತಿಳಿಯಲಿ ಎಂದು ಬರೆದೆ. ಆರೋಗ್ಯ ನೋಡಿಕೋ.

ಅತ್ತಿಗೆ


೧೭ ಮಾರ್ಚ್, ಮಂಗಳವಾರ

ಚಿರಂಜೀವಿ ಪಿಟೀಲಿಗೆ,

ಆಶೀರ್ವಾದಗಳು ಮೊದಲೇ ಇರಲಿ, ಕೊನೆಗೆ ಮರೆತರೂ ಮರೆಯಬಹುದು. ಹತ್ತು ದಿನದಿಂದ ಬರೆಯಬೇಕೆಂದುಕೊಂಡು ಬರೆಯಲಿಲ್ಲ. ಕೆಲಸವಿತ್ತು ಎಂದರೆ ಅರ್ಧ ನಿಜ. ಪೆನ್ನು ಹಿಡಿದು ನಿನ್ನ ಹೆಸರಿನಲ್ಲೇ ನಿಲ್ಲುತ್ತಿದ್ದೆ ಎಂಬುದು ಉಳಿದರ್ಧ.

ಆರನೇ ತಾರೀಕು ಮಧ್ಯಾಹ್ನ ಮೇಸ್ತ್ರಿಯ ಶೆಡ್ಡಿಗೆ ಹೋದರೆ ಬೆಂಚಿನ ಮೇಲೆ ಹೊಸ ತಾಮ್ರದ ಕೋರ್ ಇತ್ತು. ಮೂರು ಸಾಲಿನದು. ಎಲ್ಲಿ ಸಿಕ್ಕಿತು ಎಂದೆ. ಮೇಸ್ತ್ರಿ ತಲೆ ಕೆರೆದುಕೊಂಡ. ಬೆಳಿಗ್ಗೆ ಒಬ್ಬರು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರು, ಕಂಬಳಿ ಸುತ್ತಿದ್ದರು, ಒಂದು ತಗಡೂ ಬಾಗಿರಲಿಲ್ಲ, ನಿಮ್ಮ ಮೈದುನ ಅಂದರು ಎಂದ. ಗೋಡೌನಿನಲ್ಲಿ ಹಳೆಯ ದಾಸ್ತಾನಿನ ಅಡಿಯಲ್ಲಿ ಒಂದೇ ಒಂದು ಉಳಿದಿತ್ತಂತೆ. ಷಾಸಿ ನಂಬರನ್ನು ಮೇಸ್ತ್ರಿಗೆ ಫೋನು ಮಾಡಿ ಕೇಳಿದ್ದೆಯಂತೆ. ಮೇಸ್ತ್ರಿ ಅದನ್ನು ನಮ್ಮ ಟ್ಯಾಂಕುಗಳಿಗೆ ಹೊಂದಿಸಿ ನೋಡುವುದನ್ನು ಒಂದು ಗಂಟೆ ನಿಂತು ನೋಡಿದೆಯಂತೆ. ಅಕ್ಕ ಈಗ ಬರುತ್ತಾರೆ, ಕೂತಿರಿ ಎಂದು ಅವನು ಹೇಳಿದ ಮೇಲೆ ಎದ್ದು ಹೋದೆಯಂತೆ.

ಶೆಡ್ಡಿನಿಂದ ನಮ್ಮ ಮನೆಗೆ ಎರಡು ಬೀದಿ. ನಡೆದರೆ ಆರು ನಿಮಿಷ.

ಆ ಕೋರನ್ನು ಎತ್ತಿ ರಸ್ತೆಗೆ ಬಿಸಾಡಬೇಕು ಅನ್ನಿಸಿತು. ಕೈಯನ್ನೂ ಹಾಕಿದೆ. ಇದು ಬೇಡ, ನೀವು ಹುಡುಕುತ್ತಿದ್ದೀರಲ್ಲ, ಇನ್ನೊಂದು ಸಿಗುತ್ತದಾ ಎಂದು ಮೇಸ್ತ್ರಿಯನ್ನು ಕೇಳಿದೆ. ಎಲ್ಲ ಕಡೆಯೂ ಇಲ್ಲವೆಂದಿದ್ದಾರೆ ಎಂದ. ಆಮೇಲೆ ಅವನು ಹೇಳಿದ ಮಾತು ಇದು: ‘ಅಕ್ಕಾ, ನಿಮ್ಮನೆ ವಿಷ್ಯ ನಂಗೊತ್ತಿಲ್ಲ. ಕೋಪ ಬೇರೆ, ಕೋರ್ ಬೇರೆ. ಸಾಮಾನು ಮಾತ್ರ ಅಚ್ಚುಕಟ್ಟಾಗೈತೆ.’

ನಾನೇ ಅಳೆದೆ. ಉದ್ದ, ಅಗಲ, ದಪ್ಪ, ಎಲ್ಲ ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಕೊಳವೆಗಳಿಗೆ ಬೆಳಕು ಹಿಡಿದು ಒಂದೊಂದನ್ನೂ ನೋಡಿದೆ. ಕುಂದು ಹುಡುಕಲು ಒಂದು ಗಂಟೆ ಕಳೆದೆ, ಸಿಗಲಿಲ್ಲ. ಸಿಕ್ಕಿದ್ದರೆ ನನಗೆ ಎಷ್ಟು ಸಂತೋಷವಾಗುತ್ತಿತ್ತು ಎಂದು ನಿನಗೆ ಗೊತ್ತಿಲ್ಲ. ಕೊನೆಗೆ ಹಾಕಿ ಎಂದೆ. ನೂರಾ ಹತ್ತು ಯಂತ್ರಗಳಿಗಾಗಿ ಎಂದೆ, ಬೇರೆ ಯಾರಿಗಾಗಿಯೂ ಅಲ್ಲ.

ಅವನು ಹಿತ್ತಾಳೆ ಟ್ಯಾಂಕುಗಳನ್ನು ಬೆಸೆದು, ಬಾಯಿಗಳನ್ನು ಮುಚ್ಚಿ, ಗಾಳಿ ತುಂಬಿ ತೊಟ್ಟಿಯಲ್ಲಿ ಮುಳುಗಿಸಿದ. ಒಂದು ಗುಳ್ಳೆಯೂ ಏಳಲಿಲ್ಲ. ಇಂಜಿನ್ನಿನ ಒಳಗೂ ನಿನ್ನ ಪುಡಿ ಸೇರಿತ್ತು, ಅದನ್ನು ತೊಳೆಯಲು ಎರಡು ದಿನ ಹಿಡಿಯಿತು. ಏಳು ಸಲ ನೀರು ಬದಲಾಯಿಸಿದ ಮೇಲೆ ತಿಳಿಯಾಯಿತು. ಹೊಸ ಮುಚ್ಚಳ, ಹೊಸ ಹೋಸ್ ಪೈಪು. ಹತ್ತನೇ ತಾರೀಕು ಹಿಂದಿನ ಸೀಟಿನಲ್ಲಿ ಎರಡು ಯಂತ್ರದ ತಲೆ ಇಟ್ಟುಕೊಂಡು ಗುಡ್ಡ ಹತ್ತಿದೆ. ರಸ್ತೆಗಿಂತ ಹೆಚ್ಚಾಗಿ ಮುಳ್ಳನ್ನೇ ನೋಡುತ್ತಿದ್ದೆ. ಅದು ನಡುವಿನಲ್ಲಿ ನಿಂತದ್ದು ಮೇಲಕ್ಕೆ ಅಲುಗಲಿಲ್ಲ. ತುದಿಯಲ್ಲಿ ಗಾಡಿ ನಿಲ್ಲಿಸಿ ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಿದೆ. ಬೆಚ್ಚಗಿತ್ತು, ಅಷ್ಟೆ. ಮೇಲ್ವಿಚಾರಕಿ ಗೇಟಿನಲ್ಲೇ ಸಿಕ್ಕಿ, ಬರ್ತೀರೋ ಇಲ್ವೋ ಅಂದ್ಕೊಂಡಿದ್ದೆ ಎಂದಳು. ಹನ್ನೊಂದು ಯಂತ್ರಗಳು ನನಗಾಗಿ ಮೂಲೆ ಸೇರಿದ್ದವು. ಸಂಜೆಯವರೆಗೆ ತಲೆಯೆತ್ತಲಿಲ್ಲ.

ಹೀಗೆ ಗಾಡಿ ಸರಿಯಾಯಿತು. ಒಳ್ಳೆಯ ಸಾಮಾನು ತಂದೆ, ಜೋಪಾನವಾಗಿ ತಂದೆ. ಅದನ್ನು ಒಪ್ಪುತ್ತೇನೆ. ಇದನ್ನು ಕ್ಷಮೆ ಎಂದು ಓದಬೇಡ, ರಸೀದಿ ಎಂದು ಓದು.

ಹೊತ್ತುಹೊತ್ತಿಗೆ ಊಟ ಮಾಡು. ನಿನ್ನ ಹೊಸ ಮನೆ ನಿನಗೆ ಒಳ್ಳೆಯದು ಮಾಡಲಿ, ದೀರ್ಘಾಯುವಾಗು.

ನಿನ್ನ ಅತ್ತಿಗೆ

ಮರೆತ ಮಾತು: ಮರೆತದ್ದಲ್ಲ. ಮೂರು ಪತ್ರದಲ್ಲೂ ಬರೆಯಲು ಹೋಗಿ ಬಿಟ್ಟದ್ದು.

ನೀನು ಗಾಡಿ ತಂದು ನಿಲ್ಲಿಸಿದ ದಿನ, ನಿಮ್ಮಣ್ಣ ಮುಂದಿನ ಕೋಣೆಯಲ್ಲಿ ಕುರ್ಚಿಯ ಮೇಲೆ ಇದ್ದರು. ಮೂರು ವಾರದಿಂದ ಅಂಗಿ ಹಾಕಿರಲಿಲ್ಲ, ಮೈಮೇಲೆ ಬಟ್ಟೆ ತಾಗಿದರೆ ನೋವು ಎನ್ನುತ್ತಿದ್ದರು, ಒಂದು ಹೊದಿಕೆ ಹೊದ್ದಿರುತ್ತಿದ್ದರು. ಗಾಡಿಯ ಸದ್ದು ತಿರುವಿನಲ್ಲಿರುವಾಗಲೇ ಅವರಿಗೆ ಗೊತ್ತಾಯಿತು. ‘ಪಿಟೀಲು ಬಂದ. ನನಗೊಂದು ಅಂಗಿ ಕೊಡೇ, ಹುಡುಗ ಹೆದರ್ಕೊಂಡಾನು’ ಎಂದರು. ನೀಲಿ ಅಂಗಿ ತೊಡಿಸಿದೆ. ಕೈ ತೂರಿಸುವಾಗ ಹಲ್ಲು ಕಚ್ಚಿಕೊಂಡರು. ಗುಂಡಿಗಳನ್ನು ತಾವೇ ಹಾಕಿಕೊಳ್ಳುತ್ತೇನೆ ಎಂದರು. ನಾನು ಚಹಾಕ್ಕೆ ನೀರಿಟ್ಟು ಬಂದೆ. ಅವರು ಇನ್ನೂ ಮೂರನೇ ಗುಂಡಿಯಲ್ಲಿದ್ದರು. ಬಾಗಿಲು ತೆರೆದರೆ ಮೆಟ್ಟಿಲ ಮೇಲೆ ಬೀಗದ ಕೈ, ತಿರುವಿನಲ್ಲಿ ನಿನ್ನ ಬೆನ್ನು.

ಕೂಗಬಹುದಿತ್ತು. ಕೂಗಲಿಲ್ಲ. ಒಳಗೆ ಹೋಗಿ, ಬಸ್ಸಿಗೆ ಹೊತ್ತಾಯಿತಂತೆ, ನೀವು ಮಲಗಿದ್ದೀರಿ ಅಂದುಕೊಂಡ, ನಾಳೆ ಬರುತ್ತಾನಂತೆ ಎಂದೆ. ಇಪ್ಪತ್ತಾರು ವರ್ಷದಲ್ಲಿ ನಾನು ಅವರಿಗೆ ಹೇಳಿದ ಮೊದಲ ಸುಳ್ಳು. ಅವರು ನಂಬಿದರು. ಅಂಗಿ ತೆಗೆಯಲು ಬಿಡಲಿಲ್ಲ. ನಾಳೆ ಮತ್ತೆ ಹಾಕಿಕೊಳ್ಳುವುದು ಕಷ್ಟ, ಹೀಗೇ ಇರಲಿ ಎಂದರು. ಮೂರು ದಿನ ಆ ಅಂಗಿಯಲ್ಲೇ ಕೂತಿದ್ದರು. ನಾಲ್ಕನೇ ದಿನ ತಾವೇ ತೆಗಿ ಎಂದರು. ನೀನು ಯಾಕೆ ಬರಲಿಲ್ಲ ಎಂದು ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ನಾನು ಎರಡನೇ ಸುಳ್ಳು ಹೇಳುತ್ತಿದ್ದೆ.

ಒಂದು ರೇಡಿಯೇಟರಿನ ಬೈಗುಳಕ್ಕೆ ಹೆದರಿ ನೀನು ಹೋದೆ. ಅವರು ಬಯ್ಯುತ್ತಿರಲಿಲ್ಲ, ಅದು ನಿನಗೂ ಗೊತ್ತು. ಬಯ್ಯುವವಳು ನಾನು. ನನಗೆ ಹೆದರಿ ನೀನು ಅವರನ್ನು ನೋಡದೆ ಹೋದೆ ಎಂಬುದು ಆರನೇ ತಾರೀಕು ಮೇಸ್ತ್ರಿಯ ಬೆಂಚಿನ ಮೇಲೆ ನನಗೆ ಹೊಳೆಯಿತು. ಅಂದಿನಿಂದ ನನ್ನ ಕೋಪಕ್ಕೆ ಎಲ್ಲಿ ಕೂರಬೇಕೆಂದು ತಿಳಿಯುತ್ತಿಲ್ಲ.

ಇನ್ನೊಮ್ಮೆ ಈ ಊರಿಗೆ ಬಂದರೆ ಬಾಗಿಲು ತಟ್ಟು. ತೆರೆಯುತ್ತೇನೆ ಎಂದು ಮಾತು ಕೊಡಲಾರೆ. ಆದರೂ ತಟ್ಟು.